ಒಂಬತ್ತನೇ ಪ್ಲೇಟು

2019ರ ಅಕ್ಟೋಬರ್ ತಿಂಗಳು. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಕಾರ್ಖಾನೆಯಲ್ಲಿ ನಾನು ಹಿರಿಯ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ದಪ್ಪ ಉಕ್ಕಿನ ಪ್ಲೇಟುಗಳನ್ನು ಕತ್ತರಿಸಿ, ಬಾಗಿಸಿ, ವೆಲ್ಡ್ ಮಾಡಿ ಟ್ಯಾಂಕು, ಬಾಯ್ಲರಿನ ಭಾಗ, ಹಡಗಿನ ಸಾಮಾನು ತಯಾರಿಸುವುದು ಅಲ್ಲಿನ ಕೆಲಸ. ಅದಕ್ಕೂ ಮೊದಲು ಕರಾವಳಿಯಲ್ಲಿ ಹಡಗು ಕಟ್ಟುವ ಯಾರ್ಡ್ ಒಂದರಲ್ಲಿ ಒಂಬತ್ತು ವರ್ಷ, ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಏಳು ವರ್ಷ ದುಡಿದಿದ್ದೆ. ಆ ಅಕ್ಟೋಬರಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳುತ್ತಿದ್ದ ಉತ್ತರ ಬೇರೆ, ಈಗ ಹೇಳುವ ಉತ್ತರ ಬೇರೆ.

ನಮ್ಮೂರು ಮಂಡಿಕಲ್. ನಾನು ಗೌರಿಬಿದನೂರಿನಲ್ಲಿ ಹಡಗಿನ ಕೆಲಸ ಮಾಡುತ್ತೇನೆ ಎಂದರೆ ನಮ್ಮ ಸೋದರತ್ತೆ ಪ್ರತಿ ಸಲವೂ ನಗುತ್ತಿದ್ದರು. “ಪಿನಾಕಿನೀಲಿ ಕಾಲು ತೊಳ್ಯೋಕೆ ನೀರಿಲ್ಲ, ಹಡಗೆಲ್ಲಿ ಬಿಡ್ತೀಯೇ ಸುಶೀಲಾ?” ನಾನು ವಿವರಿಸಲು ಹೋಗಿ ಸೋತು ಸುಮ್ಮನಾಗುತ್ತಿದ್ದೆ. ಹಡಗು ಸಮುದ್ರದ ದಂಡೆಯಲ್ಲೇ ಜೋಡಣೆಯಾಗುತ್ತದೆ, ನಿಜ. ಆದರೆ ಅದರೊಳಗಿನ ನೂರಾರು ಸಾಮಾನು ಸಮುದ್ರವನ್ನೇ ನೋಡದ ಊರುಗಳಿಂದ ಲಾರಿಯಲ್ಲಿ ಹೋಗುತ್ತದೆ.

ಹಡಗು ಕಟ್ಟುವವರಿಗೂ ವಿದ್ಯುತ್ ಸ್ಥಾವರ ಕಟ್ಟುವವರಿಗೂ ಭಾಷೆ ಮುಕ್ಕಾಲು ಪಾಲು ಒಂದೇ. ಒಳಗಿನ ಒತ್ತಡವನ್ನು ತಡೆಯುವ ಪಾತ್ರೆ ಎರಡೂ ಕಡೆ ‘ಪ್ರೆಷರ್ ವೆಸಲ್’. ಅದರ ಉರುಟು ಮೈ ‘ಶೆಲ್’, ಎರಡು ತುದಿಗೆ ಮುಚ್ಚುವ ಬೋಗುಣಿಯಂಥ ಮುಚ್ಚಳ ‘ಡಿಶ್ ಎಂಡ್’. ಉಕ್ಕಿನ ಕಾರ್ಖಾನೆಯಲ್ಲಿ ಒಂದು ಸಲ ಕರಗಿಸಿದ ಉಕ್ಕಿಗೆಲ್ಲ ಕೊಡುವ ಒಂದೇ ಸಂಖ್ಯೆ ‘ಹೀಟ್ ನಂಬರ್’. ಆ ಸಂಖ್ಯೆ ಗೊತ್ತಿದ್ದರೆ ಉಕ್ಕಿನಲ್ಲಿ ಏನೇನು ಎಷ್ಟೆಷ್ಟಿದೆ, ಎಷ್ಟು ಎಳೆದರೆ ಹರಿಯುತ್ತದೆ ಎಂಬುದೆಲ್ಲ ಅದರ ಜೊತೆ ಬಂದ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಸಿಗುತ್ತದೆ. ಸಂಖ್ಯೆ ಅಳಿಸಿಹೋದರೆ ಸರ್ಟಿಫಿಕೇಟು ಬರೀ ಕಾಗದ. ಇನ್ನು ‘ಹೋಲ್ಡ್ ಪಾಯಿಂಟ್’ ಎಂದರೆ ಇನ್ಸ್‌ಪೆಕ್ಟರ್ ನೋಡಿ ಸಹಿ ಹಾಕುವವರೆಗೆ ಕೆಲಸ ಮುಂದೆ ಹೋಗಕೂಡದ ಹಂತ.

ಇಂಥ ನಲವತ್ತು ಪದಗಳನ್ನು ಕನ್ನಡದಲ್ಲಿ ಅರ್ಥಸಹಿತ ಬರೆಸಿ, ದೊಡ್ಡ ಬೋರ್ಡು ಮಾಡಿಸಿ, ಕಟಿಂಗ್ ವಿಭಾಗದ ಗೋಡೆಗೆ ಹಾಕಿಸಿದ್ದೆ. ಎರಡು ತಿಂಗಳ ರಜಾದಿನಗಳನ್ನು ಅದಕ್ಕೆ ಸುರಿದಿದ್ದೆ. ಆ ವರ್ಷ ಆಯುಧಪೂಜೆಯಲ್ಲಿ ನಮ್ಮ ಹುಡುಗರು ಆ ಬೋರ್ಡಿಗೂ ಚೆಂಡುಹೂವಿನ ಹಾರ ಹಾಕಿ, ‘ಹೋಲ್ಡ್ ಪಾಯಿಂಟ್’ ಎಂಬ ಸಾಲಿನ ಮೇಲೇ ಸರಿಯಾಗಿ ಅರಿಶಿನ ಕುಂಕುಮ ಬಳಿದಿದ್ದರು. ಓದಿದವರು ಮಾತ್ರ ಒಬ್ಬರೂ ಇರಲಿಲ್ಲ. ನಗಬೇಕೋ ಅಳಬೇಕೋ ಹೇಳಿ.

ಕಟಿಂಗ್ ವಿಭಾಗದ ಫೋರ್‌ಮನ್ ವೆಂಕಟರವಣಪ್ಪ. ಚಿಂತಾಮಣಿ ಕಡೆಯವರು, ಮನೆಮಾತು ತೆಲುಗು, ಮದುವೆಯಾದ ಮೇಲೆ ವಿದುರಾಶ್ವತ್ಥದಲ್ಲಿ ನೆಲೆಸಿದ್ದರು. ಗ್ಯಾಸ್ ಕಟಿಂಗಿನಲ್ಲಿ ಮೂವತ್ತೊಂದು ವರ್ಷದ ಅನುಭವ. ಓದಿದ್ದು ಏಳನೇ ಕ್ಲಾಸು. ಎಲ್ಲರೂ ಅವರನ್ನು ರವಣಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಸುಶೀಲಮ್ಮ’ ಎನ್ನುತ್ತಿದ್ದರು, ಸಿಟ್ಟು ಬಂದ ದಿನ ಮಾತ್ರ ‘ಮೇಡಂ’. ನಮ್ಮಿಬ್ಬರ ಮೇಲೆ ಪ್ಲಾಂಟ್ ಮ್ಯಾನೇಜರ್ ಜಗದೀಶ್. ಅವರಿಗೆ ಯಂತ್ರ ನಿಂತಿರುವುದನ್ನು ಕಂಡರೆ ಹೊಟ್ಟೆನೋವು ಬರುತ್ತಿತ್ತು.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಶಿಪ್‌ಯಾರ್ಡಿಗೆ ಆರು ಏರ್ ಬಾಟಲ್‌ಗಳ ಆರ್ಡರು. ಹಡಗಿನ ದೊಡ್ಡ ಎಂಜಿನ್ ಕೀಲಿ ತಿರುಗಿಸಿದರೆ ಶುರುವಾಗುವುದಿಲ್ಲ. ಒತ್ತಿ ತುಂಬಿಟ್ಟ ಗಾಳಿಯನ್ನು ಅದರೊಳಗೆ ನುಗ್ಗಿಸಿ ತಿರುಗಿಸಬೇಕು. ಆ ಗಾಳಿ ತುಂಬಿಡುವ ಆಳೆತ್ತರದ ಪಾತ್ರೆಯೇ ಏರ್ ಬಾಟಲ್. ಒಳಗೆ ಮೂವತ್ತು ಬಾರ್ ಒತ್ತಡ, ಅಂದರೆ ಕಾರಿನ ಚಕ್ರದಲ್ಲಿರುವುದರ ಹದಿನೈದು ಪಟ್ಟು. ಯಾರ್ಡಿನಲ್ಲಿದ್ದಾಗ ಎಂಜಿನ್ ರೂಮಿಗೆ ಇಳಿದಾಗೆಲ್ಲ ನಾನು ನೋಡಿದ್ದೇನೆ, ಆ ಬಾಟಲಿಗೆ ಬೆನ್ನು ತಾಗಿಸಿಕೊಂಡೇ ಜನ ಕೆಲಸ ಮಾಡುತ್ತಾರೆ. ಅದು ಒಡೆದರೆ ಪಕ್ಕದಲ್ಲಿದ್ದವರು ಉಳಿಯುವುದಿಲ್ಲ.

ಮೂರು ಬಾಟಲ್ ಆಗಲೇ ಮುಗಿಯುತ್ತಾ ಬಂದಿದ್ದವು. ಉಳಿದ ಮೂರಕ್ಕೆ ಆರು ಪ್ಲೇಟುಗಳನ್ನು ಕತ್ತರಿಸಿ ಇಟ್ಟಿದ್ದೆವು, ಹದಿನಾರು ಮಿಲಿಮೀಟರ್ ದಪ್ಪದ, ಒತ್ತಡ ತಡೆಯಲೆಂದೇ ತಯಾರಿಸಿದ ಬಾಯ್ಲರ್ ಪ್ಲೇಟು. ಬಾಟಲ್ ನಿಲ್ಲಿಸುವ ಪೀಠಗಳಿಗೆಂದು ಅದೇ ದಪ್ಪದ ಮೂರು ಸಾಮಾನ್ಯ ಪ್ಲೇಟುಗಳೂ ಇದ್ದವು, ಅವನ್ನು ಎಂಎಸ್ ಪ್ಲೇಟು ಎನ್ನುತ್ತೇವೆ. ಯಂತ್ರದಲ್ಲಿ ಅಳತೆ ಬದಲಿಸುವ ಗೋಜು ಬೇಡವೆಂದು ಒಂಬತ್ತನ್ನೂ ಒಂದೇ ಅಳತೆಗೆ ಕತ್ತರಿಸಿದ್ದರು. ಅಕ್ಕಪಕ್ಕ ಇಟ್ಟರೆ ಬ್ರಹ್ಮ ಬಂದರೂ ಗುರುತು ಹಿಡಿಯಲಾರ. ಗುರುತು ಎಂದರೆ ಹೀಟ್ ನಂಬರ್ ಒಂದೇ.

ಪ್ಲೇಟು ಕತ್ತರಿಸುವ ಮುಂಚೆ ಅದರ ಹೀಟ್ ನಂಬರನ್ನು ಪ್ರತಿ ತುಂಡಿನ ಮೇಲೂ ಉಕ್ಕಿನ ಪಂಚ್‌ನಿಂದ ಹೊಡೆದು ಅಚ್ಚೊತ್ತಬೇಕು. ಅದು ಹೋಲ್ಡ್ ಪಾಯಿಂಟ್. ಆದರೆ ಆ ವಾರ ನಮ್ಮ ಪಂಚ್ ಸೆಟ್ಟಿನಲ್ಲಿ ಎಂಟರ ಅಂಕಿ ಮುರಿದುಹೋಗಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. “ಅಲ್ಲೀವರ್ಗೂ ಪೇಂಟಲ್ಲಿ ಬರ್ದಿರ್ತೀನಿ ಬಿಡಮ್ಮ” ಎಂದರು ರವಣಪ್ಪ. ನಾನು ಒಪ್ಪಿದೆ. ಹೌದು, ನಾನೇ ಒಪ್ಪಿದೆ.

ಅಕ್ಟೋಬರ್ ಐದು, ಶನಿವಾರ, ಕಾರ್ಖಾನೆಯಲ್ಲಿ ಆಯುಧಪೂಜೆ. ಯಂತ್ರಗಳನ್ನು ತೊಳೆದು ಬಣ್ಣ ಹಚ್ಚುವುದು ಎಲ್ಲೆಡೆ ಇರುವುದೇ. ಆ ವರ್ಷ ಹುಡುಗರಿಗೆ ಉತ್ಸಾಹ ಉಕ್ಕಿ, ಮಾಲೀಕರು ಪೂಜೆಗೆ ಬರುತ್ತಾರೆಂದು, ನೆಲದ ಮೇಲಿದ್ದ ಪ್ಲೇಟುಗಳನ್ನೆಲ್ಲ ಕ್ರೇನಿನಿಂದ ಎತ್ತಿಸಿ, ಕೆಳಗೆ ಗುಡಿಸಿ, ಸೀಮೆಎಣ್ಣೆ ಹಾಕಿ ಒರೆಸಿ, ವೈರ್ ಬ್ರಷ್ ಹಿಡಿದು ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿಬಿಟ್ಟರು. ಆಮೇಲೆ ಪ್ರತಿಯೊಂದರ ಮೇಲೂ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ. ರವಣಪ್ಪ ಆ ಹೊತ್ತಿನಲ್ಲಿ ಕುಂಬಳಕಾಯಿ, ಹೂವು ತರಲು ಪೇಟೆಗೆ ಹೋಗಿದ್ದರು. ನಾನು ನನ್ನ ಕೋಣೆಯಲ್ಲಿ ಗೇಜುಗಳಿಗೆ ಕುಂಕುಮ ಇಡುತ್ತಾ ಕುಳಿತಿದ್ದೆ.

ಒಂಬತ್ತನೇ ತಾರೀಕು ಬುಧವಾರ, ಹಬ್ಬ ಕಳೆದು ಬೆಳಗ್ಗೆ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬಂದು ಇಳಿದು ನೋಡುತ್ತೇನೆ, ಒಂಬತ್ತು ಪ್ಲೇಟಿನ ಮೇಲೂ ವಿಭೂತಿ ಇದೆ, ನಂಬರಿಲ್ಲ. ಅಯ್ಯೋ ದೇವರೇ! ಒಂದು ಕ್ಷಣ ಕೈಕಾಲೇ ಆಡಲಿಲ್ಲ. ಆಮೇಲೆ ಬಾಯಿ ಆಡಿತು. ಯಾರನ್ನೂ ಬಿಡಲಿಲ್ಲ. ಮೂಲೆಯಲ್ಲಿದ್ದ ವೆಲ್ಡರುಗಳೆಲ್ಲ ಮುಖ ತಗ್ಗಿಸಿ ನಿಂತರು.

ಜಗದೀಶ್ ಓಡಿಬಂದರು. “ಅದಕ್ಯಾಕೆ ಮೇಡಂ ಅಷ್ಟು ಟೆನ್ಷನ್ನು? ಎಲ್ಲಾ ಹದಿನಾರು ಎಂಎಂ ತಾನೇ? ಹೆಂಗೂ ಹೈಡ್ರೋ ಟೆಸ್ಟ್ ಇದ್ದೇ ಇದೆ. ಪಾಸಾದ್ರೆ ಆಯ್ತಪ್ಪ.”

ಹೈಡ್ರೋ ಟೆಸ್ಟ್ ಎಂದರೆ ಪಾತ್ರೆಗೆ ನೀರು ತುಂಬಿ ಒಂದೂವರೆ ಪಟ್ಟು ಒತ್ತಡ ಹಾಕಿ ನೋಡುವುದು. ಎಂಎಸ್ ಪ್ಲೇಟೂ ಅದರಲ್ಲಿ ಪಾಸಾಗಬಹುದು. ಅದೇ ನನ್ನ ಭಯ. ಆ ಒಂದು ದಿನ ತಡೆದು, ಆಮೇಲೆ ಹಡಗಿನಲ್ಲಿ ದಿನಕ್ಕೆ ನಾಲ್ಕು ಸಲ ಗಾಳಿ ತುಂಬಿ ಖಾಲಿ ಮಾಡಿ, ಉಪ್ಪುಗಾಳಿ ಕುಡಿದು, ಎಂಟನೇ ವರ್ಷವೋ ಹತ್ತನೇ ವರ್ಷವೋ ಬಾಯಿ ಬಿಡುತ್ತದೆ. ಅವತ್ತು ಅಲ್ಲಿ ನಿಂತಿರುವವನು ಜಗದೀಶ್ ಅಲ್ಲ, ನಾನೂ ಅಲ್ಲ. ಇದನ್ನು ಇಷ್ಟೇ ಸ್ಪಷ್ಟವಾಗಿ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು.

ರೋಲಿಂಗ್ ಯಂತ್ರದ ಪಕ್ಕದಲ್ಲಿ ಒಂದು ಪ್ಲೇಟು ಬೇರೆಯಾಗಿ ಇತ್ತು. ರೋಲಿಂಗ್ ಯಂತ್ರ ಎಂದರೆ ಪ್ಲೇಟನ್ನು ಬಾಗಿಸಿ ಉರುಟಾದ ಶೆಲ್ ಮಾಡುವ ಯಂತ್ರ. “ಇದೊಂದನ್ನಾದ್ರೂ ಬಿಡಿ ಮೇಡಂ, ಯಂತ್ರ ಸುಮ್ನೆ ನಿಂತಿದೆ” ಎಂದು ಜಗದೀಶ್ ಅಂಗಲಾಚಿದರು. ಹಬ್ಬಕ್ಕೆ ಮುಂಚೆ, ಶುಕ್ರವಾರ ಸಂಜೆ, ಅದೇ ಜಾಗದಲ್ಲಿ ಬಾಯ್ಲರ್ ಪ್ಲೇಟು ಇದ್ದದ್ದನ್ನು, ಅದರ ಮೇಲೆ ಹಳದಿ ಬಣ್ಣದ ನಂಬರ್ ಇದ್ದದ್ದನ್ನು ನಾನೇ ನೋಡಿದ್ದೆ. ನನ್ನ ಕಣ್ಣಾರೆ ನೋಡಿದ್ದು. ಹಾಗಾಗಿ ಆ ಒಂದಕ್ಕೆ ಸಹಿ ಹಾಕಿದೆ. ಉಳಿದ ಎಂಟು ಪ್ಲೇಟು ಲ್ಯಾಬ್ ವರದಿ ಬರುವವರೆಗೆ ಅಲುಗಾಡಬಾರದು ಎಂದು ಕೆಂಪು ಟ್ಯಾಗ್ ಕಟ್ಟಿಸಿದೆ.

ರವಣಪ್ಪನವರಿಗೆ ಅದು ಅವಮಾನವಾಯಿತು. ಮರುದಿನ ಬೆಳಗ್ಗೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಲ್ಯಾಬ್ ಯಾಕೆ ಮೇಡಂ? ಗ್ರೈಂಡರ್ ಕೊಡಿ, ಕಿಡಿ ನೋಡಿ ಹೇಳ್ತೀನಿ ಯಾವ್ದು ಬಾಯ್ಲರು, ಯಾವ್ದು ಎಂಎಸ್ಸು ಅಂತ. ಮೂವತ್ತೊಂದು ವರ್ಷದಿಂದ ಅದೇ ಕಿಡಿ ನೋಡ್ಕೊಂಡು ಕಣ್ಣು ಹಾಳು ಮಾಡ್ಕೊಂಡಿದೀನಿ.”

“ಕಿಡಿ ನೋಡಿ ಹೇಳಿದ್ದಕ್ಕೆ ಕ್ಲಾಸ್ ಸರ್ವೇಯರ್ ಸಹಿ ಹಾಕಲ್ಲ ರವಣಣ್ಣ” ಎಂದೆ. ಹಡಗಿನ ಪ್ರತಿ ಭಾಗವೂ ನಿಯಮದಂತಿದೆಯೇ ಎಂದು ಹೊರಗಿನಿಂದ ಬಂದು ನೋಡುವ ಅಧಿಕಾರಿಗೆ ಕ್ಲಾಸ್ ಸರ್ವೇಯರ್ ಎನ್ನುತ್ತಾರೆ. ಅವರು ಇಪ್ಪತ್ತೊಂದನೇ ತಾರೀಕು ಬರುವವರಿದ್ದರು.

“ಸರ್ವೇಯರ್ ಬಿಡಿ. ನೀವು ನಂಬ್ತೀರೋ ಇಲ್ವೋ?”

ನಾನು ಉತ್ತರ ಕೊಡಲಿಲ್ಲ. ಅವರು “ಸರೇ ಬಿಡಮ್ಮಾ” ಎಂದು ತೆಲುಗಿನಲ್ಲಿ ಏನೋ ಗೊಣಗಿಕೊಂಡು ಹೋದರು. ಐದು ನಿಮಿಷದಲ್ಲಿ ಗ್ರೈಂಡರ್ ಸದ್ದು ಕೇಳಿಸಿತು.

ಹೋಗಿ ನೋಡಿದೆ. ಎಂಟು ಪ್ಲೇಟನ್ನೂ ಸಾಲಾಗಿ ಇಡಿಸಿ, ಒಂದೊಂದರ ಅಂಚಿಗೂ ಗ್ರೈಂಡರ್ ತಾಗಿಸಿ, ತಲೆ ಓರೆ ಮಾಡಿ ಕಿಡಿ ನೋಡುತ್ತಿದ್ದರು. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಹೆಚ್ಚು ಕವಲೊಡೆಯುತ್ತದೆ, ಇದು ಹಳೇ ವರ್ಕ್‌ಶಾಪುಗಳ ವಿದ್ಯೆ. ಆದರೆ ಈ ಎರಡು ಉಕ್ಕಿನ ನಡುವೆ ಅಂತರ ಕೂದಲೆಳೆಯಷ್ಟು. ನೋಡಿದ ಮೇಲೆ ಸೀಮೆಸುಣ್ಣದಲ್ಲಿ ಬಾಯ್ಲರಿಗೆ ‘ಬಾ’, ಎಂಎಸ್‌ಗೆ ‘ಎಂ’ ಎಂದು ಬರೆದರು. ಎಂಟೂ ಮುಗಿದ ಮೇಲೆ ಬೆರಳು ಮಡಚಿ ಎಣಿಸಿದರು. ರೋಲಿಂಗ್ ಯಂತ್ರದ ಕಡೆ ಒಂದು ಸಲ ನೋಡಿದರು. ಮತ್ತೆ ಎಣಿಸಿದರು. ಆಮೇಲೆ ಐದನೇ ಪ್ಲೇಟಿನ ಹತ್ತಿರ ಹೋಗಿ, ಅಂಗೈಯಿಂದ ‘ಬಾ’ ಒರೆಸಿ ‘ಎಂ’ ಎಂದು ತಿದ್ದಿದರು. ಈಗ ಐದು ಬಾಯ್ಲರು, ಮೂರು ಎಂಎಸ್. ರೋಲಿಂಗಿಗೆ ಹೋದ ಒಂದನ್ನು ಸೇರಿಸಿದರೆ ಲೆಕ್ಕ ಸರಿ.

ನೋಡಿದೆಯಾ ಇವರ ಪರಿಣತಿ, ಬರೆದು ಅಳಿಸಿ ಬರೆಯುವಷ್ಟು ಎಂದುಕೊಂಡೆ. ನನಗೆ ಒಂಥರಾ ಗೆದ್ದ ಹಾಗಾಯಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎಂಟು ಪ್ಲೇಟುಗಳಿಂದ ಸ್ಯಾಂಪಲ್ ತುಂಡು ಕತ್ತರಿಸಿ ಒಂದರಿಂದ ಏಳು ಎಂದು, ಎಂಟನೆಯದಕ್ಕೆ ಸೊನ್ನೆ ಎಂದು ಪಂಚ್ ಹೊಡೆಸಿದೆ. ಬೆಂಗಳೂರಿಗೆ ಕಳಿಸಲು ಗಾಡಿ ಕೇಳಿದರೆ ಗಾಡಿ ಇಲ್ಲ. ಡ್ರೈವರ್ ಇದ್ದರೆ ಡೀಸೆಲ್ ಇಲ್ಲ, ಡೀಸೆಲ್ ಇದ್ದರೆ ಜಗದೀಶ್ ಸಹಿ ಇಲ್ಲ. ಅವರಿಗೆ ಇದು ಹೇಗಾದರೂ ಮರೆತುಹೋದರೆ ಸಾಕಾಗಿತ್ತು. ಶುಕ್ರವಾರ ನಾನೇ ಹನ್ನೆರಡು ಕಿಲೋ ಉಕ್ಕನ್ನು ತರಕಾರಿ ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, “ಏನಮ್ಮ, ಕುಕ್ಕರ್ ರಿಪೇರಿನಾ?” ಎಂದರು. ಹೂಂ ಎಂದೆ. ಅದಕ್ಕಿಂತ ಹತ್ತಿರದ ವಿವರಣೆ ನನಗೂ ಹೊಳೆಯಲಿಲ್ಲ.

ಆ ವಾರವೆಲ್ಲ ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಮುನಿಸು. ಎಂಟು ಪ್ಲೇಟು ಕೆಂಪು ಟ್ಯಾಗ್ ಹಾಕಿಕೊಂಡು ಬಿದ್ದಿದ್ದವು, ಮೂರು ಜನ ಫಿಟ್ಟರುಗಳು ಕೈಕಟ್ಟಿ ಕುಳಿತಿದ್ದರು. ಜಗದೀಶ್ ದಿನಕ್ಕೆ ಎರಡು ಸಲ ಬಂದು “ಬಂತಾ ಮೇಡಂ?” ಎನ್ನುತ್ತಿದ್ದರು. ಕೆಲಸ ನಡೆಯುತ್ತಿದ್ದದ್ದು ನಾನು ಸಹಿ ಹಾಕಿದ್ದ ಆ ಒಂದೇ ಪ್ಲೇಟಿನ ಮೇಲೆ. ಅದು ಶೆಲ್ ಆಯಿತು, ಉದ್ದದ ವೆಲ್ಡಿಂಗ್ ಮುಗಿಯಿತು, ಎಕ್ಸ್‌ರೇ ತೆಗೆದರೆ ಒಂದು ಚುಕ್ಕೆ ದೋಷವಿಲ್ಲ. ಒಂದು ತುದಿಗೆ ಡಿಶ್ ಎಂಡ್ ಕೂಡ ಕೂತಿತು. ಅಷ್ಟು ಚೆಂದದ ವೆಲ್ಡಿಂಗನ್ನು ನಾನು ಯಾರ್ಡಿನಲ್ಲೂ ಹೆಚ್ಚು ನೋಡಿರಲಿಲ್ಲ.

ಹದಿನೆಂಟನೇ ತಾರೀಕು ಮಧ್ಯಾಹ್ನ ವರದಿ ಬಂತು. ಎಂಟರಲ್ಲಿ ಬಾಯ್ಲರ್ ಪ್ಲೇಟು ಆರು, ಎಂಎಸ್ ಎರಡು.

ನಾನು ಮೂರು ಸಲ ಎಣಿಸಿದೆ. ನಮ್ಮಲ್ಲಿ ಇದ್ದದ್ದೇ ಆರು ಬಾಯ್ಲರ್ ಪ್ಲೇಟು, ಮೂರು ಎಂಎಸ್. ಆರೂ ಬಾಯ್ಲರ್ ಇಲ್ಲಿ ಕೆಂಪು ಟ್ಯಾಗ್ ಹಾಕಿಕೊಂಡು ಮಲಗಿದ್ದರೆ, ನಾನು ಸಹಿ ಹಾಕಿ ಬಿಟ್ಟ ಒಂಬತ್ತನೆಯದು ಯಾವುದು? ನೆಲ ಗುಡಿಸಲೆಂದು ಕ್ರೇನಿನಲ್ಲಿ ಎತ್ತಿದವರು ವಾಪಸ್ ಇಡುವಾಗ ಅದಲುಬದಲು ಮಾಡಿದ್ದರು. ನಾನು ನೋಡಿದ್ದು ಜಾಗವನ್ನು, ಪ್ಲೇಟನ್ನಲ್ಲ. ಖಾತ್ರಿಗೆಂದು ಶೆಲ್ಲಿನ ಅಂಚಿನಿಂದ ಒಂದು ತುಂಡು ತೆಗೆದು ಮತ್ತೆ ಲ್ಯಾಬಿಗೆ ಕೊಟ್ಟೆವು. ಮರುದಿನ ಫೋನಿನಲ್ಲೇ ಹೇಳಿದರು, ಎಂಎಸ್.

ಜಗದೀಶ್ ಕೋಣೆಯ ಬಾಗಿಲು ಹಾಕಿಕೊಂಡರು. “ಮೇಡಂ, ಇದು ನಂಗೆ, ನಿಮಗೆ, ರವಣಪ್ಪಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ವೆಲ್ಡಿಂಗ್ ಎ ಒನ್ ಇದೆ. ನಂಬರ್ ಹೊಡೆದ್ರೆ ಮುಗೀತು. ಈಗ ನಮ್ಮ ಹತ್ರ ಎಂಟರ ಪಂಚೂ ಬಂದಿದೆ.”

“ಆ ಬಾಟಲ್ ಪಕ್ಕ ನಿಮ್ಮ ಮಗನ್ನ ನಿಲ್ಲಿಸ್ತೀರಾ ಸಾರ್?” ಎಂದು ಕೇಳಿದೆ. ಅವರ ಮುಖ ಕೆಂಪಾಯಿತು. ಅಷ್ಟು ಕಟುವಾಗಿ ಆಡಬಾರದಿತ್ತೇನೋ. ಆದರೆ ಅವತ್ತು ನನಗೆ ಬೇರೆ ಮಾತು ಬರಲಿಲ್ಲ.

ತಪ್ಪು ಕಂಡಾಗ ಎನ್‌ಸಿಆರ್ ಬರೆಯಬೇಕು. ನಿಯಮಕ್ಕೆ ಹೊಂದದ್ದು ಏನು, ಯಾಕಾಯಿತು, ಹೇಗೆ ಸರಿಪಡಿಸಿದೆವು ಎಂಬ ವರದಿ ಅದು. ‘ಕಾರಣ’ ಎಂಬ ಅಂಕಣದಲ್ಲಿ ಜಗದೀಶ್ ಮುಂಚಿತವಾಗಿಯೇ ‘ಫೋರ್‌ಮನ್ ನಿರ್ಲಕ್ಷ್ಯ’ ಎಂದು ಟೈಪ್ ಮಾಡಿಸಿ ಕಳಿಸಿದ್ದರು. ನಾನು ಅದನ್ನು ಹೊಡೆದುಹಾಕಿ, ಪಂಚ್ ಬದಲು ಪೇಂಟಿನಲ್ಲಿ ನಂಬರ್ ಬರೆಯಲು ಒಪ್ಪಿದ್ದು ಇನ್ಸ್‌ಪೆಕ್ಟರ್, ಪರೀಕ್ಷೆಯಿಲ್ಲದೆ ಒಂದು ಪ್ಲೇಟು ಬಿಟ್ಟದ್ದು ಇನ್ಸ್‌ಪೆಕ್ಟರ್ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಸರ್ವೇಯರ್ ಬಂದಾಗ ಆ ಕಾಗದವನ್ನೇ ಮೊದಲು ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಶೆಲ್ ಸ್ಕ್ರ್ಯಾಪ್ ಮಾಡಿ” ಎಂದಷ್ಟೇ ಹೇಳಿದರು. ಮೊದಲ ಮೂರು ಬಾಟಲ್ ಸಮಯಕ್ಕೆ ಹೋದವು, ಉಳಿದ ಮೂರು ಇಪ್ಪತ್ತನಾಲ್ಕು ದಿನ ತಡವಾದವು. ನನಗೆ ಒಂದು ಮೆಮೊ ಬಂತು. ಬರಬೇಕಾದ್ದೇ.

ಶೆಲ್ಲನ್ನು ಕತ್ತರಿಸುವ ಕೆಲಸವನ್ನು ರವಣಪ್ಪ ಬೇರೆಯವರಿಗೆ ಕೊಡಲಿಲ್ಲ. ಗ್ಯಾಸ್ ಟಾರ್ಚ್ ಹಿಡಿದು, ಡಿಶ್ ಎಂಡ್ ಹಾಳಾಗದಂತೆ ನಿಧಾನವಾಗಿ ಬಿಡಿಸಿದರು. ಕೆಲಸ ಮುಗಿಯುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ. ಟಾರ್ಚ್ ಆರಿಸಿ ಕನ್ನಡಕ ಮೇಲೆ ಸರಿಸಿದಾಗ ಕೇಳಿದೆ.

“ರವಣಣ್ಣ, ಐದನೇ ಪ್ಲೇಟಿನ ಮೇಲೆ ಮೊದ್ಲು ‘ಬಾ’ ಅಂತ ಬರ್ದಿದ್ರಿ. ಸರಿಯಾಗೇ ಇತ್ತು. ಯಾಕೆ ಅಳಿಸಿದ್ರಿ?”

ಅವರು ಟವೆಲ್‌ನಿಂದ ಕತ್ತು ಒರೆಸಿಕೊಂಡರು. “ಕಿಡಿ ಬಾಯ್ಲರೇ ಅಂತು. ಆದ್ರೆ ಲೆಕ್ಕ ಕೂಡ್ಲಿಲ್ಲ, ಎಂಟ್ರಲ್ಲೇ ಆರಾಗೋಯ್ತು. ಹಂಗಾದ್ರೆ ರೋಲಿಂಗ್ ಹತ್ರ ಇರೋದು ತಪ್ಪಿರ್ಬೇಕು. ಅದಕ್ಕೆ ನಿಮ್ಮ ಸೈನ್ ಆಗಿತ್ತಲ್ಲಮ್ಮ. ನೀವು ಓದ್ದೋರು, ಹಡಗಲ್ಲೆಲ್ಲ ಕೆಲ್ಸ ಮಾಡಿ ಬಂದೋರು. ನನ್ನ ಕಣ್ಣೇ ತಪ್ಪು ಅಂದ್ಕೊಂಡೆ.”

“ಒಂದು ಮಾತು ನನಗೆ ಹೇಳ್ಬಾರ್ದಾಗಿತ್ತಾ?”

“ನಂಬ್ತೀರಾ ಅಂತ ಕೇಳ್ದೆನಲ್ಲ. ಆವತ್ತು ನೀವು ಸುಮ್ನಿದ್ರಿ.”

ಇಷ್ಟು ಹೇಳಿ ಅವರು ಗ್ಯಾಸ್ ಪೈಪು ಸುತ್ತಿಡಲು ಹೋದರು. ಹುಡುಗರ ಮೇಲೆ, ಜಗದೀಶ್ ಮೇಲೆ, ಮುರಿದ ಪಂಚಿನ ಮೇಲೆ ಎರಡು ವಾರ ಉರಿದಿದ್ದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಮೂವತ್ತೊಂದು ವರ್ಷ ಕಿಡಿ ನೋಡಿದ ಕಣ್ಣನ್ನು ನಂಬಲಿಲ್ಲ, ಶುಕ್ರವಾರ ಸಂಜೆ ಒಂದು ಸಲ ನೋಡಿದ ನನ್ನ ಕಣ್ಣನ್ನು ನಂಬಿದೆ. ಅವರ ಎಂಟು ಪ್ಲೇಟಿಗೆ ಲ್ಯಾಬು, ನನ್ನ ಒಂದಕ್ಕೆ ಬರೀ ಸಹಿ. ಇದೆಂಥ ನ್ಯಾಯ? ಆ ಸಹಿ ಪ್ಲೇಟನ್ನು ಮುಂದೆ ಕಳಿಸಿದ್ದಷ್ಟೇ ಅಲ್ಲ, ಸರಿಯಾಗಿ ಕಂಡಿದ್ದ ಒಬ್ಬ ಮನುಷ್ಯನ ಕೈಯಿಂದ ಸರಿಯಾದ ಅಕ್ಷರವನ್ನು ಅಳಿಸಿತ್ತು.

ಲ್ಯಾಬ್ ಬೇಕು, ಪಂಚ್ ಬೇಕು, ಕಿಡಿ ನೋಡಿ ಯಾರೂ ಹಡಗು ಕಟ್ಟಬಾರದು. ಆ ಮಾತಿನಿಂದ ನಾನು ಇವತ್ತಿಗೂ ಹಿಂದೆ ಸರಿದಿಲ್ಲ. ಆದರೆ ಇನ್ಸ್‌ಪೆಕ್ಟರ್ ಸಹಿ ಬಿದ್ದ ಕೂಡಲೇ ಸುತ್ತ ಇರುವವರ ಬಾಯಿ ಮುಚ್ಚಿಹೋಗುತ್ತದೆ ಎಂಬುದನ್ನು ನನಗೆ ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಅದಾದ ಮೇಲೆ ಸಹಿ ಹಾಕುವ ಮುಂಚೆ, ಪೆನ್ನಿನ ಕ್ಯಾಪ್ ತೆಗೆದು, ಕೆಲಸ ಮಾಡಿದವರನ್ನು ಕರೆದು “ನಿಮಗೇನನ್ಸುತ್ತೆ?” ಎಂದು ಕೇಳಿ ಉತ್ತರ ಬರುವವರೆಗೂ ಕಾಯುತ್ತಿದ್ದೆ. ರವಣಪ್ಪ ನಿವೃತ್ತರಾಗುವವರೆಗಿನ ಒಂದೂವರೆ ವರ್ಷದಲ್ಲಿ ಮೂರು ಸಲ “ಯಾಕೋ ಬೇಡಮ್ಮ, ಇನ್ನೊಂದ್ಸಲ ನೋಡಣ” ಎಂದರು. ಮರುಪರೀಕ್ಷೆಯಲ್ಲಿ ಎರಡು ಸಲ ಅವರ ಅನುಮಾನವೇ ತಪ್ಪು ಎಂದಾಯಿತು. ಮೂರು ಸಲವೂ ನಾನು ಕ್ಯಾಪ್ ಹಾಕಿ ಪೆನ್ನನ್ನು ಜೇಬಿಗಿಟ್ಟೆ.